ಅಂಗಡಿ ತೆರೆಯುವ ಮಗಳಿಗೆ

ಮಗಳೇ,

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಮಳಿಗೆ ಸಿಕ್ಕಿತು, ಮುಂಗಡವೂ ಕೊಟ್ಟಾಯಿತು ಎಂದು ನಿಮ್ಮಪ್ಪ ಹೇಳಿದ. ಮದುವೆ ಕಾರ್ಡು, ಕನ್ನಡ ಟೈಪಿಂಗು, ಶಿಡ್ಲಘಟ್ಟದ ರೀಲರುಗಳ ಲೆಕ್ಕ, ಚಿಂತಾಮಣಿ ಮಂಡಿಯವರ ಲೆಕ್ಕ, ಅಂಗಡಿಯವರ ಜಿಎಸ್‌ಟಿ ರಿಟರ್ನು, ಆನ್‌ಲೈನ್ ಅರ್ಜಿ, ಎಲ್ಲವೂ ಒಂದೇ ಕಡೆ. ಬಿ.ಕಾಂ ಮುಗಿಸಿ ಬೆಂಗಳೂರಿನ ಬಸ್ಸು ಹತ್ತದೆ ಊರಲ್ಲೇ ನಿಂತೆಯಲ್ಲ, ಅದೇ ನನಗೆ ದೊಡ್ಡ ಸಂತೋಷ.

ಆದರೆ ಫೋನು ಇಡುವ ಮುಂಚೆ ನೀನು ಕೇಳಿದ ಮಾತು ತಲೆಯಲ್ಲೇ ಉಳಿದಿದೆ. "ಚಿಕ್ಕಪ್ಪ, ಸಾಫ್ಟ್‌ವೇರ್ ಹಾಕ್ಕೊಡೋ ಹುಡುಗ ಪೆನ್‌ಡ್ರೈವ್ ತಂದಿದಾನೆ. ವಿಂಡೋಸು, ಆಫೀಸು, ಟ್ಯಾಲಿ, ಕೋರಲ್, ಫೋಟೋಶಾಪ್, ಎಲ್ಲಾ ಕ್ರ್ಯಾಕ್ ಮಾಡಿರೋದು. ನೂರಿನ್ನೂರು ಕೊಟ್ರೆ ಸಾಕಂತೆ. ಊರಲ್ಲೆಲ್ಲ ಹಂಗೇ ನಡೀತಿದೆ. ಹಾಕಿಸ್ಕೊಳ್ಳಾ? ದುಡ್ಡು ಕೊಟ್ಟು ತಗೊಂಡ್ರೂ ಅದೇನು ನಮ್ಮದಾಗತ್ತಾ?"

ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಿದೆ. ಮೊದಲನೆಯದಕ್ಕೆ ನನ್ನ ಉತ್ತರ ಚಿಕ್ಕದು: ಹಾಕಿಸಿಕೊಳ್ಳಬೇಡ. ಎರಡನೆಯದಕ್ಕೆ ಉತ್ತರ ಅಷ್ಟು ಸುಲಭವಲ್ಲ. ದುಡ್ಡು ಕೊಟ್ಟವರಿಗೂ ಮೋಸವಾಗುತ್ತಿದೆ ಎನ್ನುವ ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ. ಆದರೆ ಎರಡನೆಯದನ್ನು ಮೊದಲನೆಯದಕ್ಕೆ ನೆಪ ಮಾಡಿಕೊಳ್ಳುವವರೇ ಜಾಸ್ತಿ. ಮೊಳೆ ಜೋಡಿಸುವ ಕಾಲದಿಂದ ಪ್ರೆಸ್ಸಿನಲ್ಲಿದ್ದು, ಆಮೇಲೆ ಡಿಟಿಪಿ ಕಲಿತವನು ನಾನು. ಈ ನೆಪ ಬಹಳ ಕೇಳಿದ್ದೇನೆ.

ಹೋದ ಚಳಿಗಾಲದಲ್ಲಿ ಸ್ಕಂದಗಿರಿ ಹತ್ತಿ ಬಂದಿದ್ದೆಯಲ್ಲ, ಕಳವಾರದುರ್ಗದ ಹಾಳು ಗೋಡೆ, ಅದರ ಕೆಳಗೆ ಮೋಡದ ರಾಶಿ, ಆಚೆ ಸೂರ್ಯ. ಆ ಚಿತ್ರವನ್ನು ಯಾವುದೋ ಹೋಂಸ್ಟೇಯವರು ನಿನ್ನನ್ನು ಕೇಳದೆ ಫ್ಲೆಕ್ಸಿಗೆ ಹಾಕಿಕೊಂಡಾಗ ನೀನು ಎಷ್ಟು ಕೂಗಾಡಿದ್ದೆ! ಅವರು ಕೊಟ್ಟ ಉತ್ತರ ನೆನಪಿದೆಯಾ? "ನೆಟ್‌ನಲ್ಲಿತ್ತು, ತಗೊಂಡ್ವಿ. ನಿಮ್ಮ ಫೋಟೋ ನಿಮ್ಮ ಫೋನಲ್ಲೇ ಇದೆಯಲ್ಲ, ನಿಮಗೇನು ಹೋಯ್ತು?" ನಿಜವೇ, ನಿನ್ನ ಫೋನಿನಿಂದ ಏನೂ ಹೋಗಿರಲಿಲ್ಲ. ಆದರೂ ನಿನ್ನ ಸಿಟ್ಟು ನ್ಯಾಯವಾದದ್ದು. ರಾತ್ರಿ ಬೆಟ್ಟ ಹತ್ತಿದವಳು ನೀನು, ಚಳಿಯಲ್ಲಿ ಕಾದವಳು ನೀನು, ವ್ಯಾಪಾರ ಅವರದು. ಕಾನೂನೂ ನಿನ್ನ ಕಡೆಗೇ ಇದೆ. ಚಿತ್ರ ತೆಗೆದ ಕ್ಷಣದಿಂದ ಅದರ ಹಕ್ಕು ನಿನ್ನದು, ಎಲ್ಲೂ ನೋಂದಾಯಿಸಬೇಕಿಲ್ಲ. ನಿನ್ನ ಜೀವಮಾನ ಪೂರ್ತಿ, ಆಮೇಲೆ 60 ವರ್ಷ. ಈಗ ಹೇಳು, ಆ ಹೋಂಸ್ಟೇಯವರ ಮಾತಿಗೂ ಪೆನ್‌ಡ್ರೈವಿನ ಹುಡುಗನ ಮಾತಿಗೂ ಏನು ವ್ಯತ್ಯಾಸ?

ನಕಲು ಮಾಡಿದರೆ ಮೂಲ ಕಡಿಮೆಯಾಗುವುದಿಲ್ಲ, ಆದ್ದರಿಂದ ಅದು ಕಳ್ಳತನವಲ್ಲ ಎನ್ನುವ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಮ್ಮ ಸೀಮೆಯ ಹಿಪ್ಪುನೇರಳೆ ತೋಟ ನೋಡು. ವಿ-1 ತಳಿಯನ್ನು ರೂಪಿಸಿದ್ದು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ. ಅದು ಊರಿಂದೂರಿಗೆ ಹಬ್ಬಿದ್ದು ಕಡ್ಡಿಯಿಂದ. ಒಬ್ಬ ರೈತ ಕಡ್ಡಿ ಕತ್ತರಿಸಿ ಪಕ್ಕದವನಿಗೆ ಕೊಟ್ಟ, ಅವನು ನೆಂಟನಿಗೆ ಕೊಟ್ಟ. ಕೊಟ್ಟವನ ಗಿಡ ಮತ್ತೆ ಚಿಗುರಿತು. ಇದನ್ನು ಯಾರೂ ಕಳ್ಳತನ ಎನ್ನಲಿಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣಾ ಕಾಯ್ದೆಯೂ ಇದನ್ನು ಒಪ್ಪುತ್ತದೆ: ನೋಂದಾಯಿತ ತಳಿಯಾದರೂ ರೈತ ತನ್ನ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಆದರೆ ಅಲ್ಲೇ ಒಂದು ಗೆರೆಯೂ ಇದೆ. ಬ್ರ್ಯಾಂಡಿನ ಚೀಲಕ್ಕೆ ತುಂಬಿ ಮಾರುವಂತಿಲ್ಲ. ಇನ್ನೊಂದು ವಿಷಯ, ವಿ-1 ಮಾಡಿದ ವಿಜ್ಞಾನಿಗೆ ಸರ್ಕಾರದ ಸಂಬಳ ಬರುತ್ತಿತ್ತು. ನಮ್ಮೆಲ್ಲರ ತೆರಿಗೆಯಿಂದ ಅವನ ಹೊಟ್ಟೆ ತುಂಬಿತ್ತು. ಸಾಫ್ಟ್‌ವೇರ್ ಬರೆದು ಮಾರುವವನಿಗೆ ಪ್ರತಿ ಲೈಸೆನ್ಸಿನ ಹಣವೇ ಸಂಬಳ.

ಹಾಗಾಗಿ ನನ್ನ ಲೆಕ್ಕದಲ್ಲಿ ಗೆರೆ ಬೀಳುವುದು ನಕಲಿನ ಮೇಲೆ ಅಲ್ಲ, ನಕಲಿನಿಂದ ಬರುವ ಸಂಪಾದನೆಯ ಮೇಲೆ. ಗೌರಿಬಿದನೂರಿನ ಕಾಲೇಜು ಹುಡುಗ ಮನೆಯಲ್ಲಿ ಕೂತು ಫೋಟೋಶಾಪ್ ಕಲಿಯಲು ಕ್ರ್ಯಾಕ್ ಹಾಕಿಕೊಂಡರೆ ತಪ್ಪು ಎನ್ನುತ್ತೇನೆ, ಅವನ ಮೇಲೆ ಕೋಪ ಬರುವುದಿಲ್ಲ. ಕಾನೂನೂ ಸ್ವಲ್ಪ ಹಾಗೇ ಯೋಚಿಸಿದೆ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ನಕಲಿ ಸಾಫ್ಟ್‌ವೇರನ್ನು ತಿಳಿದೂ ತಿಳಿದೂ ಬಳಸುವವರಿಗೆ ಕನಿಷ್ಠ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ ಹೇಳುತ್ತದೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದವರಿಗೆ ಜೈಲು ಬಿಟ್ಟು 50,000ದೊಳಗಿನ ದಂಡ ಮಾತ್ರ ಹಾಕುವ ಅವಕಾಶವನ್ನು ನ್ಯಾಯಾಲಯಕ್ಕೆ ಬಿಟ್ಟಿದೆ. ನೀನು ಬೋರ್ಡು ಹಾಕಿ, ಗಿರಾಕಿಯಿಂದ ಕಾಸು ತೆಗೆದುಕೊಳ್ಳುವವಳು. ಆ ರಿಯಾಯಿತಿ ನಿನಗೆ ಸಿಗುವುದಿಲ್ಲ, ಸಿಗಲೂಬಾರದು.

ಇನ್ನು ಆ ಪೆನ್‌ಡ್ರೈವಿನ ಹುಡುಗನ ಪಾಡು ಇನ್ನೂ ಕೆಟ್ಟದ್ದು. ನಮ್ಮ ರಾಜ್ಯದ ಗೂಂಡಾ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಡಿಜಿಟಲ್ ಅಪರಾಧಿಗಳೂ ಅದರೊಳಗೆ ಸೇರಿದರು. ವ್ಯಾಪಾರಕ್ಕಾಗಿ ಪುಸ್ತಕ, ಸಂಗೀತ, ಸಿನಿಮಾ, ಸಾಫ್ಟ್‌ವೇರಿನ ಹಕ್ಕು ಮುರಿಯುವವನನ್ನು ವಿಚಾರಣೆಗೆ ಮುಂಚೆಯೇ ಬಂಧನದಲ್ಲಿಡುವ ಅಧಿಕಾರ ಅದು. ಇದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಸಿ.ಡಿ. ನಕಲು ಮಾಡಿದವನನ್ನೂ ಭೂಗಳ್ಳನನ್ನೂ ಒಂದೇ ಕಾಯ್ದೆಯೊಳಗೆ ತುರುಕುವುದು ನ್ಯಾಯವಲ್ಲ. ಆದರೆ ನಿನಗೆ ಹೇಳುತ್ತಿರುವುದು ಜೈಲಿನ ಹೆದರಿಕೆ ಹುಟ್ಟಿಸಲಿಕ್ಕಲ್ಲ. ಚಿಕ್ಕಬಳ್ಳಾಪುರದ ಅಂಗಡಿಗೆ ನಾಳೆ ಬೆಳಿಗ್ಗೆ ಪೊಲೀಸರು ಬರುತ್ತಾರೆ ಎಂದು ನಾನೂ ನಂಬುವುದಿಲ್ಲ. ಸಿಕ್ಕಿಬೀಳುವುದಿಲ್ಲ ಎನ್ನುವುದನ್ನೇ ಕಾರಣ ಮಾಡಿಕೊಂಡು ಬದುಕು ಶುರು ಮಾಡಬೇಡ ಎಂದಷ್ಟೇ.

"ಅಮೆರಿಕದ ಕಂಪನಿಗೆ ನಮ್ಮ ದುಡ್ಡಿಂದ ಏನಾಗಬೇಕು" ಅಂತ ನೀನು ಅಂದಿದ್ದೂ ಕೇಳಿಸಿತು. ಸರಿ, ಅಮೆರಿಕ ಬಿಡು. ನಿನ್ನ ಪೆನ್‌ಡ್ರೈವಿನಲ್ಲಿ ಟ್ಯಾಲಿ ಇದೆಯಲ್ಲ, ಅದು ಹುಟ್ಟಿದ್ದು ಬೆಂಗಳೂರಿನಲ್ಲಿ. ಕಾರ್ಖಾನೆಗಳಿಗೂ ಬಟ್ಟೆ ಗಿರಣಿಗಳಿಗೂ ಕಚ್ಚಾ ಸಾಮಾನು, ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಪ್ಪುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ ಮಗ ಭರತ್ ಗೋಯೆಂಕಾಗೆ, ನೀನೇ ಬರೆ ಎಂದರು. 1986ರಲ್ಲಿ ಕಂಪನಿಯಾಯಿತು. ಲೆಕ್ಕಪತ್ರದ ಕೋಡು ಗೀಡು ಅಂತ ಸಂಕೇತಗಳನ್ನು ಬಾಯಿಪಾಠ ಮಾಡದೆ, ಖಾತೆಯ ಹೆಸರನ್ನೇ ಟೈಪು ಮಾಡಿ ಲೆಕ್ಕ ಬರೆಯಬಹುದಾದ ಅನುಕೂಲ ಸಣ್ಣ ಅಂಗಡಿಯವನಿಗೂ ಸಿಕ್ಕಿತು. ಮಂಡಿಯ ಗುಮಾಸ್ತರು ಕೂಡ ಕಲಿತರು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ನಮ್ಮ ಊರುಗಳಲ್ಲಿ ಬಿ.ಕಾಂ ಮಾಡಿದವರು ಟ್ಯಾಲಿ ಗೊತ್ತು ಎನ್ನುವ ಒಂದೇ ಬಲದಿಂದ ಕೆಲಸ ಹಿಡಿದಿದ್ದಾರೆ, ನಿನ್ನ ಅಂಗಡಿಯ ಅರ್ಧ ಸಂಪಾದನೆಯೂ ಅದರಿಂದಲೇ ಬರಬೇಕು. ಅದಕ್ಕೇ ಕ್ರ್ಯಾಕ್ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಕನ್ನಡದ ಕಥೆ ಇನ್ನೂ ಹತ್ತಿರದ್ದು. ಇವತ್ತು ನೀನು ನುಡಿಯಲ್ಲಿ ಒತ್ತುವ ಕೀಲಿಮಣೆಯ ವಿನ್ಯಾಸ ಮೂಲದಲ್ಲಿ ಕೆ.ಪಿ. ರಾವ್ ಅವರದು. ಅವರು ಅದಕ್ಕೆ ಬೆಲೆ ಕಟ್ಟದೆ ಎಲ್ಲರಿಗೂ ಬಿಟ್ಟುಕೊಟ್ಟರು. ನುಡಿಯನ್ನು ಕನ್ನಡ ಗಣಕ ಪರಿಷತ್ತು ಮಾಡಿತು, ಸರ್ಕಾರ ಬೆನ್ನಿಗೆ ನಿಂತಿತು, ಅದೂ ಉಚಿತ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಬರಹ ತಂದರು. ಹೊರದೇಶದಲ್ಲಿದ್ದ ಕನ್ನಡಿಗರು ಮನೆಗೆ ಕನ್ನಡದಲ್ಲಿ ಇ-ಮೇಲ್ ಬರೆಯಲು ಕಲಿತಿದ್ದೇ ಅದರಿಂದ. ಬಹಳ ವರ್ಷ ಅದನ್ನು ಪುಕ್ಕಟೆ ಕೊಟ್ಟರು, ಆಮೇಲೆ ಬೆಲೆ ಇಟ್ಟರು. ಬೆಲೆ ಇಟ್ಟ ದಿನ ನಮ್ಮ ಜನ ಏನು ಮಾಡಿದರು? ಇಷ್ಟು ವರ್ಷ ಕೊಟ್ಟಿರಲ್ಲ, ತಗೊಳ್ಳಿ ಎಂದು ಹಣ ಕಟ್ಟಿದವರೂ ಇದ್ದರು. ಹಳೆಯ ಆವೃತ್ತಿಯಲ್ಲೇ ಉಳಿದವರು ಇದ್ದರು, ಅದೂ ತಪ್ಪಲ್ಲ. ಹೊಸದರ ಬೀಗ ಮುರಿಯಲು ಕೀಲಿ ಹುಡುಕಿದವರೂ ಇದ್ದರು. ಕನ್ನಡ ಉಳಿಯಬೇಕು ಎಂದು ನವೆಂಬರಿನಲ್ಲಿ ಬಾವುಟ ಹಿಡಿದು, ಡಿಸೆಂಬರಿನಲ್ಲಿ ಕನ್ನಡದ ಸಾಫ್ಟ್‌ವೇರಿಗೆ ಕ್ರ್ಯಾಕ್ ಹುಡುಕುವವರನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ.

ಮಾಡಿದವನು ತನ್ನ ಹಕ್ಕು ಕೇಳುವುದು ಸಣ್ಣತನವೇನಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಯ ಕಥೆ ಹೇಳಿ ನಿನಗೆ ಆಕಳಿಕೆ ತರಿಸುವುದಿಲ್ಲ. ಆದರೆ ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಗೇಟುಗಳಿಗೆ ಅವರು ಪೇಟೆಂಟ್ ಪಡೆದಿದ್ದರು ಎನ್ನುವುದನ್ನು ಶಾಲೆಯಲ್ಲಿ ನಿಮಗೆ ಹೇಳಿದ್ದರೋ ಇಲ್ಲವೋ. ಹಕ್ಕಿಗೆ ಕೊನೆಯೂ ಇದೆ ನೋಡು. ಅವರು ತಮ್ಮ ಕೆಲಸದ ನೆನಪುಗಳನ್ನು ಬರೆದ ಪುಸ್ತಕ 1951ರಲ್ಲಿ ಬಂತು, ಅವರು ತೀರಿಕೊಂಡಿದ್ದು 1962ರಲ್ಲಿ. 60 ವರ್ಷ ಕಳೆದು 2023ರ ಜನವರಿಯಿಂದ ಅದು ಎಲ್ಲರ ಸ್ವತ್ತು. ನೀನು ಬೇಕಾದರೆ ಅಚ್ಚು ಹಾಕಿ ಮಾರು, ಯಾರೂ ಕೇಳುವುದಿಲ್ಲ. ನಮ್ಮದೇ ಹಳೇ ಕೋಲಾರ ಜಿಲ್ಲೆಯ ಡಿವಿಜಿ ತೀರಿಕೊಂಡಿದ್ದು 1975ರಲ್ಲಿ; ಕಗ್ಗದ ಹಕ್ಕು 2035ರ ಕೊನೆಯವರೆಗೂ ಇರುತ್ತದೆ. ಕಾರ್ಡಿನ ಮೇಲೆ ಒಂದು ಪದ್ಯ ಹಾಕಿ ಹೆಸರು ಬರೆಯುವುದು ಬೇರೆ, ಇಡೀ ಪುಸ್ತಕದ ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಹರಿಬಿಡುವುದು ಬೇರೆ. ನಿನ್ನ ಚಿಕ್ಕಮ್ಮನಿಗೆ ಬರುವ ಕಾದಂಬರಿಗಳ ಪಿಡಿಎಫ್ ಗುಂಪಿನ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಈ ಕಾಗದ ಅವಳೂ ಓದುತ್ತಾಳೆ.

ಈಗ ನೀನು ಯೋಚಿಸದೇ ಇದ್ದ ಒಂದು ವಿಷಯ. ನಿನ್ನ ಕಂಪ್ಯೂಟರಿನಲ್ಲಿ ಇರುವುದು ನಿನ್ನ ವಸ್ತು ಮಾತ್ರವಲ್ಲ. ರೈತರ ಆಧಾರ್ ಪ್ರತಿ, ರೀಲರುಗಳ ಬ್ಯಾಂಕ್ ಖಾತೆ ವಿವರ, ಅಂಗಡಿಯವರ ಜಿಎಸ್‌ಟಿ ಪಾಸ್‌ವರ್ಡು, ಪ್ಯಾನ್ ನಂಬರು. ಕ್ರ್ಯಾಕ್ ಹಾಕುವಾಗ ಆ ಹುಡುಗ ಮೊದಲು ಏನು ಮಾಡುತ್ತಾನೆ ಗಮನಿಸು: ಆಂಟಿವೈರಸ್ ಆಫ್ ಮಾಡುತ್ತಾನೆ. ಆಮೇಲೆ ಅಪ್‌ಡೇಟ್ ನಿಲ್ಲಿಸುತ್ತಾನೆ, ಇಲ್ಲದಿದ್ದರೆ ನಕಲಿ ಎಂದು ಗೊತ್ತಾಗಿಬಿಡುತ್ತದೆ. ಯಾರು ಬರೆದರೋ ಎಲ್ಲಿಂದ ಬಂತೋ ಗೊತ್ತಿಲ್ಲದ ಒಂದು ಪ್ರೋಗ್ರಾಮಿಗೆ ಇಡೀ ಕಂಪ್ಯೂಟರಿನ ಕೀಲಿ ಕೈಗಿಡುತ್ತಾನೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎನ್ನುವ ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತಲ್ಲ, ಅದು ನುಗ್ಗಿದ ಕಿಂಡಿಯನ್ನು ಮೈಕ್ರೋಸಾಫ್ಟು ಮಾರ್ಚಿನಲ್ಲೇ ಮುಚ್ಚಿತ್ತು. ಆ ಅಪ್‌ಡೇಟ್ ಹಾಕಿಕೊಳ್ಳದೇ ಇದ್ದ ಕಂಪ್ಯೂಟರುಗಳಿಗೇ ಅದು ಹೊಡೆದಿದ್ದು. ಮಾರ್ಚ್ ಕೊನೆಯಲ್ಲಿ ಹತ್ತಿಪ್ಪತ್ತು ಅಂಗಡಿಗಳ ವರ್ಷದ ಲೆಕ್ಕ ನಿನ್ನ ಬಳಿ ಇರುವಾಗ ಹಾಗಾದರೆ ಯಾರಿಗೆ ಮುಖ ತೋರಿಸುತ್ತೀಯ? ಖಾಸಗಿ ಮಾಹಿತಿ ಕಾಪಾಡುವ ಕಾನೂನೂ 2023ರಲ್ಲಿ ಬಂದಿದೆ. ನಂಬಿ ಕಾಗದ ಕೊಟ್ಟವರ ಸೊತ್ತನ್ನು ಪಣಕ್ಕಿಟ್ಟು ನೀನು ಹಣ ಉಳಿಸುವಂತಿಲ್ಲ. ಕಂಪನಿಗಾಗುವ ನಷ್ಟಕ್ಕಿಂತ ಇದೇ ನನಗೆ ದೊಡ್ಡ ಕಾರಣ.

ಈಗ ಎರಡನೇ ಪ್ರಶ್ನೆಗೆ ಬರುತ್ತೇನೆ. ಕೊಂಡರೆ ನಮ್ಮದಾಗುತ್ತದಾ?

ಇದೇ ಪ್ರಶ್ನೆ ಬೆಂಗಳೂರಿನಿಂದ ಹೊರಟು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು ಎಂದರೆ ನಂಬುತ್ತೀಯಾ? ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎನ್ನುವ ಕಂಪನಿ ತನ್ನ ಬಳಕೆಗೆ ಅಮೆರಿಕದಿಂದ ಸಾಫ್ಟ್‌ವೇರ್ ತರಿಸಿತು. ಆದಾಯ ತೆರಿಗೆ ಇಲಾಖೆ, ನೀವು ಕೊಟ್ಟ ಹಣ ವಸ್ತುವಿನ ಬೆಲೆಯಲ್ಲ, ಹಕ್ಕು ಬಳಸಿದ್ದಕ್ಕೆ ಕೊಟ್ಟ ರಾಯಧನ, ಆದ್ದರಿಂದ ತೆರಿಗೆ ಹಿಡಿದುಕೊಂಡೇ ಹಣ ಕಳಿಸಬೇಕಿತ್ತು ಎಂದಿತು. ಇಂಥ ಪ್ರಕರಣಗಳಲ್ಲಿ ಕರ್ನಾಟಕ ಹೈಕೋರ್ಟು 2011ರಲ್ಲಿ ಇಲಾಖೆಯ ಮಾತನ್ನೇ ಒಪ್ಪಿತ್ತು. ಹತ್ತು ವರ್ಷ ಕಳೆದು, 2021ರ ಮಾರ್ಚ್ 2ರಂದು, ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಬಳಸುವವನು ಕೊಂಡದ್ದು ಸಾಫ್ಟ್‌ವೇರಿನ ಒಂದು ಪ್ರತಿಯನ್ನು. ಕೃತಿಸ್ವಾಮ್ಯ ಬರೆದವನ ಹತ್ತಿರವೇ ಉಳಿಯಿತು. ಕೊಟ್ಟಿದ್ದು ಸರಕಿನ ಬೆಲೆ. ಅದಕ್ಕೂ ಮುಂಚೆ 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಮತ್ತು ಆಂಧ್ರ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ, ಡಿಸ್ಕಿನಲ್ಲಿ ಬರುವ ಸಿದ್ಧ ಸಾಫ್ಟ್‌ವೇರು ಸರಕೇ, ಮಾರಾಟ ತೆರಿಗೆ ಹಾಕಬಹುದು ಎಂದಿತ್ತು ಅದೇ ನ್ಯಾಯಾಲಯ.

ಇಷ್ಟು ಓದಿದರೆ ಉತ್ತರ ಸಿಕ್ಕಂತೆ ಕಾಣುತ್ತದೆ: ಪ್ರತಿ ನಿನ್ನದು, ಅದನ್ನು ಸಾವಿರ ಮಾಡಿ ಹಂಚುವ ಹಕ್ಕು ನಿನ್ನದಲ್ಲ. ಆದರೆ ಕೊಳ್ಳುವಾಗ ಓದದೆ "ಒಪ್ಪಿದ್ದೇನೆ" ಎಂದು ಒತ್ತುತ್ತೀಯಲ್ಲ, ಆ ಕರಾರಿನಲ್ಲಿ ಕಂಪನಿಗಳು ಬೇರೆಯೇ ಹಾಡು ಹಾಡುತ್ತವೆ: ಇದು ಮಾರಾಟವಲ್ಲ, ಬಳಸಲು ಕೊಟ್ಟ ಅನುಮತಿ, ಬೇಕೆಂದಾಗ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಜಾಹೀರಾತಿನಲ್ಲಿ "ಈಗಲೇ ಕೊಳ್ಳಿ", ಕರಾರಿನಲ್ಲಿ "ನೀವು ಕೊಂಡಿಲ್ಲ". ತೆರಿಗೆ ಉಳಿಸುವಾಗ ಸರಕು, ಗಿರಾಕಿ ಹಕ್ಕು ಕೇಳಿದಾಗ ಬರೀ ಅನುಮತಿ. ಇದು ದೊಡ್ಡವರ ಆಟ, ಮಗಳೇ.

ಆ ಆಟಕ್ಕೆ ಉದಾಹರಣೆಗಳು ಬೇಕಷ್ಟಿವೆ. 2009ರಲ್ಲಿ ಅಮೆಜಾನ್ ತಾನು ಮಾರಿದ್ದ ಜಾರ್ಜ್ ಆರ್ವೆಲ್ ಪುಸ್ತಕಗಳನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲ ಎನ್ನುವುದು ಕಾರಣ. ಹಣ ವಾಪಸು ಕೊಟ್ಟು ಆಮೇಲೆ ಕ್ಷಮೆಯನ್ನೂ ಕೇಳಿತು, ನಿಜ. ಆದರೆ ಅಂಗಡಿಯವನು ರಾತ್ರಿ ಮನೆಗೆ ನುಗ್ಗಿ ಮಾರಿದ ಪುಸ್ತಕ ಎತ್ತಿಕೊಂಡು ಹೋಗಿ ಮೇಜಿನ ಮೇಲೆ ದುಡ್ಡಿಟ್ಟರೆ ಒಪ್ಪುತ್ತೀಯಾ? ಹಾಗೆ ಅಳಿಸಿಹೋದ ಪುಸ್ತಕಗಳಲ್ಲಿ ಒಂದರ ಹೆಸರು "1984" ಎನ್ನುವುದು ದೇವರ ತಮಾಷೆ. 2019ರಲ್ಲಿ ಮೈಕ್ರೋಸಾಫ್ಟು ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಹೋದವು. 2014ರಲ್ಲಿ ಬಂದ "ದಿ ಕ್ರೂ" ಎನ್ನುವ ಕಾರು ಓಡಿಸುವ ಆಟವನ್ನು ಅದರ ಕಂಪನಿ 2024ರ ಮಾರ್ಚಿನಲ್ಲಿ ಸರ್ವರ್ ಆರಿಸಿ ನಿಲ್ಲಿಸಿತು. ದುಡ್ಡು ಕೊಟ್ಟವರ ಕೈಯಲ್ಲಿ ತೆರೆಯದ ಡಬ್ಬ ಉಳಿಯಿತು. ಇದಕ್ಕೆ ಗಲಾಟೆ ಎದ್ದೇ ಕ್ಯಾಲಿಫೋರ್ನಿಯಾದವರು, ಡಿಜಿಟಲ್ ಸರಕಿಗೆ "ಕೊಳ್ಳಿ" ಎಂದು ಬರೆಯುವವರು ಇದು ಅನುಮತಿ ಮಾತ್ರ ಎಂಬುದನ್ನು ಎದ್ದು ಕಾಣುವಂತೆ ಹೇಳಬೇಕು ಎಂಬ ಕಾನೂನು ಮಾಡಿ 2025ರ ಜನವರಿಯಿಂದ ಜಾರಿಗೆ ತಂದರು. ನಮ್ಮಲ್ಲೂ ಅಂಥದ್ದು ಬರಬೇಕು.

ನಮ್ಮ ಪ್ರೆಸ್ಸಿನವರಿಗೆ ಈ ಪಾಠ ಕ್ಯಾಲಿಫೋರ್ನಿಯಾಕ್ಕಿಂತ ಮೊದಲೇ ಆಗಿತ್ತು. ಡಿಟಿಪಿ ಬಂದ ಹೊಸದರಲ್ಲಿ ಕನ್ನಡದ ಪ್ಯಾಕೇಜುಗಳು ಡಾಂಗಲ್ ಜೊತೆಗೆ ಬರುತ್ತಿದ್ದವು, ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಒಂದು ಪುಟ್ಟ ಬೀಗ. ಅದಿಲ್ಲದೆ ಪ್ರೋಗ್ರಾಮು ತೆರೆಯದು. ನಾನು ಹಣ ಕೊಟ್ಟೇ ಕೊಂಡಿದ್ದ ಒಂದು ಪ್ಯಾಕೇಜಿನ ಡಾಂಗಲ್ ಒಂದು ದಿನ ಸತ್ತಿತು. ಹೊಸದು ಬೇಕೆಂದರೆ ಹೊಸದರ ಪೂರ್ತಿ ಬೆಲೆ ಎಂದರು. ಅಲ್ಲಿಯವರೆಗೆ ಕಂಪೋಸ್ ಮಾಡಿದ ಪುಸ್ತಕಗಳೆಲ್ಲ ಫೈಲಿನಲ್ಲಿವೆ, ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ, ಕಸ. ಆಗ ಶ್ರೀಲಿಪಿ, ಆಕೃತಿ, ಪ್ರಕಾಶಕ್, ನುಡಿ, ಒಂದೊಂದರ ಒಳಗೂ ಕನ್ನಡದ ಅಕ್ಷರಕ್ಕೆ ಒಂದೊಂದು ಸಂಕೇತ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ. ಪ್ರೋಗ್ರಾಮು ನನ್ನದಲ್ಲ ಎಂದರೆ ಒಪ್ಪಿಕೊಳ್ಳಬಹುದು; ನಾನೇ ಟೈಪು ಮಾಡಿದ ಕನ್ನಡವೂ ನನ್ನದಾಗಿ ಉಳಿಯಲಿಲ್ಲ. ಯೂನಿಕೋಡ್ ಬಂದ ಮೇಲೆ ಆ ಗೋಳು ತಪ್ಪಿತು. ಅದಕ್ಕೇ ಹೇಳುತ್ತೇನೆ, ಪ್ರೋಗ್ರಾಮಿನ ಒಡೆತನದ ಬಗ್ಗೆ ಜಗಳವಾಡುವುದಕ್ಕಿಂತ ಮೊದಲು ನಿನ್ನ ಫೈಲಿನ ಒಡೆತನ ಭದ್ರ ಮಾಡಿಕೋ. ಕನ್ನಡವನ್ನೆಲ್ಲ ಯೂನಿಕೋಡಿನಲ್ಲೇ ಟೈಪು ಮಾಡು. ಮುಗಿದ ಕಾರ್ಡುಗಳ ಪಿಡಿಎಫ್ ಇಟ್ಟುಕೋ. ಟ್ಯಾಲಿಯ ಲೆಕ್ಕವನ್ನು ತಿಂಗಳಿಗೊಮ್ಮೆ ಎಕ್ಸೆಲ್ಲಿಗೆ ತೆಗೆದು, ಕಂಪ್ಯೂಟರಿನಿಂದ ಹೊರಗೆ, ಇನ್ನೊಂದು ಡ್ರೈವಿನಲ್ಲಿಡು.

ಕಾನೂನು ನಿನಗೆ ಕೊಟ್ಟಿರುವುದನ್ನೂ ಮರೆಯಬೇಡ, ಇದನ್ನು ಮಾರುವವರು ಹೇಳುವುದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ, ನ್ಯಾಯವಾಗಿ ಪಡೆದ ಸಾಫ್ಟ್‌ವೇರಿನ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಬಹುದು, ಮೂಲ ಕೆಟ್ಟರೆ ಕಳೆದರೆ ಬೇಕಾಗುತ್ತದೆ ಎಂದು. ಕೊಂಡ ಉದ್ದೇಶಕ್ಕೆ ಬಳಸಲು ಬೇಕಾದಷ್ಟು ಮಾರ್ಪಾಡು ಮಾಡಿಕೊಳ್ಳಬಹುದು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ಕಲಿಯಬಹುದು. ಸ್ವಂತದ, ವ್ಯಾಪಾರವಲ್ಲದ ಬಳಕೆಗೆ ಪ್ರತಿ ಮಾಡಿಕೊಳ್ಳಲೂ ಅವಕಾಶವಿದೆ. ಇದು ಕದ್ದವರಿಗೆ ಸಿಗುವ ಹಕ್ಕಲ್ಲ, ಕೊಂಡವರಿಗೆ ಸಿಗುವ ಹಕ್ಕು.

ಪೇಜ್‌ಮೇಕರ್ ವಿಷಯ ಕೇಳುತ್ತೀಯ, ನನಗೆ ಗೊತ್ತು. ಅದರ ಕೊನೆಯ ಏಳನೇ ಆವೃತ್ತಿ ಬಂದಿದ್ದು 2001ರಲ್ಲಿ. ಅಡೋಬಿ ಅದನ್ನು ಮಾರುವುದನ್ನೇ ಎಂದೋ ಬಿಟ್ಟಿದೆ. ಆದರೂ ನಮ್ಮ ಕಡೆಯ ಪ್ರೆಸ್ಸುಗಳಲ್ಲಿ ಇವತ್ತಿಗೂ ಕರಪತ್ರ, ಲಗ್ನಪತ್ರಿಕೆ ಅದರಲ್ಲೇ ಆಗುತ್ತವೆ. ಕೊಳ್ಳೋಣವೆಂದರೂ ಅಂಗಡಿಯಲ್ಲಿಲ್ಲ. ಇದನ್ನು ಬಳಸುವ ವಯಸ್ಸಾದ ಕಂಪೋಸಿಟರನನ್ನು ಕಳ್ಳ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಾನೂನು ಮಾತ್ರ ಅವನನ್ನು ಬಿಡುವುದಿಲ್ಲ. ಮಾರುವುದನ್ನು ನಿಲ್ಲಿಸಿದ ಮೇಲೂ ಹಕ್ಕನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ಸರಿಯಲ್ಲ ಎಂದೇ ನನ್ನ ವಾದ. ನೀನು ಮಾತ್ರ ಹೊಸ ಅಂಗಡಿಯಲ್ಲಿ ಆ ಹಳೇ ಗಂಟು ಬಿಚ್ಚಬೇಡ, ಅದರಲ್ಲಿ ಯೂನಿಕೋಡ್ ಕನ್ನಡವೂ ಸರಿಯಾಗಿ ಬರುವುದಿಲ್ಲ.

ಹಾಗಾದರೆ ಏನು ಹಾಕಬೇಕು? ಕಂಪ್ಯೂಟರಿನ ಜೊತೆಗೇ ವಿಂಡೋಸ್ ಬಂದಿದ್ದರೆ ಅದು ಅಸಲಿಯೋ ನೋಡಿಕೋ. ಸಾಮಾನ್ಯವಾಗಿ ಅಂಥ ಲೈಸೆನ್ಸು ಆ ಕಂಪ್ಯೂಟರಿಗೇ ಅಂಟಿಕೊಂಡಿರುತ್ತದೆ, ನಾಳೆ ಇನ್ನೊಂದಕ್ಕೆ ದಾಟಿಸಲಾಗದು; ಬಿಡಿಯಾಗಿ ಕೊಂಡದ್ದಾದರೆ ದಾಟಿಸಬಹುದು. ಎರಡನೇ ಕಂಪ್ಯೂಟರಿಗೆ ಲಿನಕ್ಸ್ ಹಾಕು, ಅರ್ಜಿ ತುಂಬಲು, ಬ್ರೌಸರಿಗೆ, ಟೈಪಿಂಗಿಗೆ ಅಷ್ಟು ಸಾಕು. ಆಫೀಸಿನ ಬದಲು ಲಿಬ್ರೆಆಫೀಸ್. ಕಾರ್ಡಿನ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಚಿತ್ರ ತಿದ್ದಲು ಗಿಂಪ್, ಪುಟ ಜೋಡಿಸಲು ಸ್ಕ್ರೈಬಸ್. ಇವೆಲ್ಲ ಯಾವ ಬೀಗವೂ ಇಲ್ಲದವು. ನಿನಗೆ ಬೇಕಾದಷ್ಟು ಕಂಪ್ಯೂಟರಿಗೆ ಹಾಕು, ಗೆಳತಿಗೆ ಕೊಡು, ಕೋಡು ಬರುವವಳಾದರೆ ತಿದ್ದು, ಯಾರೂ ನಿನ್ನಿಂದ ಕಿತ್ತುಕೊಳ್ಳಲಾರರು. ನಿಜವಾಗಿ ನಿನ್ನದು ಎನ್ನಬಹುದಾದ ಸಾಫ್ಟ್‌ವೇರ್ ಬೇಕೆಂದರೆ ಇದೇ. ಮೊದಲ ಕೆಲವು ವಾರ ಕೈ ಕೋರಲ್ಲನ್ನೇ ಹುಡುಕುತ್ತದೆ, ಬೈದುಕೊಳ್ಳುತ್ತೀಯ, ಬೈದುಕೋ. ಫ್ಲೆಕ್ಸ್ ಪ್ರಿಂಟಿಂಗಿನವರು ಕೋರಲ್ ಫೈಲೇ ಬೇಕು ಎಂದರೆ ಪಿಡಿಎಫ್ ಕೊಡು, ನಡೆಯುತ್ತದೆ. ಕೆಲಸ ಬೆಳೆದು ಕೋರಲ್ ಇಲ್ಲದೆ ಆಗುವುದೇ ಇಲ್ಲ ಎನಿಸಿದ ದಿನ ದುಡ್ಡು ಕೊಟ್ಟು ಕೊಳ್ಳು. ಅಕ್ಷರಗಳಿಗೂ ಹಕ್ಕಿದೆ ಎನ್ನುವುದನ್ನು ನೆನಪಿಡು. ಅಂದವಾಗಿದೆ ಎಂದು ಯಾರದೋ ಫಾಂಟ್ ಎತ್ತಬೇಡ. ನೋಟೋ ಇದೆ, ಗುಬ್ಬಿ ಇದೆ, ನವಿಲು ಇದೆ, ಎಲ್ಲ ಮುಕ್ತವಾದವು.

ದುಡ್ಡು ಹಾಕಲೇಬೇಕಾದ ಒಂದು ಜಾಗ ಟ್ಯಾಲಿ. ಅದನ್ನು ಮೊದಲ ತಿಂಗಳೇ ಕೊಳ್ಳಬೇಕಿಲ್ಲ. ಶೈಕ್ಷಣಿಕ ರೂಪದಲ್ಲಿ ಪುಕ್ಕಟೆ ಸಿಗುತ್ತದೆ, ತಿಂಗಳ ಕೆಲವೇ ತಾರೀಖುಗಳಿಗೆ ಮಾತ್ರ ಎಂಟ್ರಿ ಹಾಕಬಹುದು, ಕೈ ಪಳಗಿಸಿಕೊಳ್ಳಲು ಸಾಕು. ಗಿರಾಕಿ ಬರುವವರೆಗೆ ತಿಂಗಳ ಬಾಡಿಗೆಯ ಲೈಸೆನ್ಸೂ ಇದೆ. ನಿಂತ ಮೇಲೆ ಪೂರ್ತಿ ಲೈಸೆನ್ಸ್ ತಗೋ. ಅದು ಕಾಲಮಿತಿ ಇಲ್ಲದ್ದು. ವರ್ಷ ವರ್ಷ ಕಟ್ಟುವ ಹಣ ಅಪ್‌ಡೇಟಿಗೆ ಮತ್ತು ಅದರ ಜೊತೆಗಿನ ಸೇವೆಗಳಿಗೆ. ಬಾಡಿಗೆಯೋ ಸ್ವಂತವೋ ಎನ್ನುವ ಈ ವ್ಯತ್ಯಾಸವನ್ನು ಯಾವ ಸಾಫ್ಟ್‌ವೇರ್ ಕೊಳ್ಳುವಾಗಲೂ ಮೊದಲು ಕೇಳು. ಅಡೋಬಿಯವರು 2013ರಿಂದ ಫೋಟೋಶಾಪಿನ ಹೊಸ ಆವೃತ್ತಿಗಳನ್ನು ಬಾಡಿಗೆಗೆ ಮಾತ್ರ ಕೊಡುತ್ತಿದ್ದಾರೆ, ಕಟ್ಟುವುದು ನಿಲ್ಲಿಸಿದರೆ ಬಾಗಿಲು ಮುಚ್ಚುತ್ತದೆ.

ಕೊಂಡಾಗ ಬಿಲ್ಲನ್ನು ನಿಮ್ಮಪ್ಪನ ಹೆಸರಿನಲ್ಲಲ್ಲ, ಅಂಗಡಿಯ ಹೆಸರಿನಲ್ಲೇ ಬರೆಸು. ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ನಂಬರನ್ನೂ ಹಾಕಿಸು. ಕಟ್ಟಿದ 18% ತೆರಿಗೆ ನಿನ್ನ ಲೆಕ್ಕಕ್ಕೆ ಹಿಂದಕ್ಕೆ ಬರುತ್ತದೆ, ಉಳಿದದ್ದು ಅಂಗಡಿಯ ಖರ್ಚಿಗೆ ಹೋಗುತ್ತದೆ. ಪೆನ್‌ಡ್ರೈವಿನಲ್ಲಿ ಬಂದದ್ದಕ್ಕೆ ಬಿಲ್ಲಿಲ್ಲ. ಸೀರಿಯಲ್ ನಂಬರು, ಕೊಂಡ ತಾರೀಖು, ನೋಂದಾಯಿಸಿದ ಇ-ಮೇಲು, ಈ ಮೂರನ್ನು ಕಂಪ್ಯೂಟರಿನಲ್ಲಿ ಬರೆದಿಡಬೇಡ, ಒಂದು ನೋಟ್‌ಬುಕ್ಕಿನಲ್ಲಿ ಬರೆದು ಗಲ್ಲಾಪೆಟ್ಟಿಗೆಯಲ್ಲಿಡು.